ಲಾಭ ಏಜೆಂಟ್ ಮಾರಿದವರಿಗೆ, ದಂಡ ಅಂಗಡಿಯವರಿಗೆ

ವರ್ತಕರ ಸಂಘದ ಸಭೆಗಳಿಗೂ ಈಗ ಎಐ ಏಜೆಂಟ್ ಮಾರುವವರು ಬರತೊಡಗಿದ್ದಾರೆ. ಬಿಲ್ ಓದಲು ಒಂದು ಏಜೆಂಟ್, ಸ್ಟಾಕ್ ನೋಡಲು ಇನ್ನೊಂದು, ಗಿರಾಕಿಗಳ ವಾಟ್ಸ್‌ಆ್ಯಪ್‌ಗೆ ಉತ್ತರಿಸಲು ಮತ್ತೊಂದು, ಬಾಕಿ ವಸೂಲಿಗೆ, ಜಿಎಸ್‌ಟಿ ರಿಟರ್ನ್ ತುಂಬಲು ಬೇರೆ ಬೇರೆ. ನೀವು ಮಲಗಿದ್ದರೂ ಅಂಗಡಿ ನಡೆಯುತ್ತದೆ, ಲೆಕ್ಕ ಬರೆಯುವವರ ಸಂಬಳ ಉಳಿಯುತ್ತದೆ ಎನ್ನುತ್ತಾರೆ. ಹಾಕಿಸಿಕೊಳ್ಳದವರು ನಾಲ್ಕು ದಿನದಲ್ಲಿ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ಹೆದರಿಸುತ್ತಾರೆ. ಅಂಗೈಯಲ್ಲಿ ವೈಕುಂಠ ತೋರಿಸುವ ಇವರು ಒಂದು ಪ್ರಶ್ನೆಗೆ ಮಾತ್ರ ಬಾಯಿ ಬಿಡುವುದಿಲ್ಲ: ಆ ಏಜೆಂಟ್ ತಪ್ಪು ಮಾಡಿದ ದಿನ ದಂಡ ಕಟ್ಟುವವರು ಯಾರು?

ಅಂಗಡಿಯವರೇ ಕಟ್ಟಬೇಕು. ಜಿಎಸ್‌ಟಿ ನೋಂದಣಿ ಅವರ ಹೆಸರಿನಲ್ಲಿದೆ, ರಿಟರ್ನ್ ಅವರದು. ಕಡಿಮೆ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ ಬೀಳುವುದು ಅವರ ತಲೆಯ ಮೇಲೆ. ತಂತ್ರಾಂಶ ತಪ್ಪಿತು ಎಂದು ಬರೆಯಲು ರಿಟರ್ನಿನ ನಮೂನೆಯಲ್ಲಿ ಜಾಗವಿಲ್ಲ. ಮಾರಿದವರು ಮಾತ್ರ ತಿಂಗಳ ಚಂದಾ ಎಣಿಸಿಕೊಂಡು ಕೂತಿರುತ್ತಾರೆ.

ಒಂದು ಲೆಕ್ಕ ಹೇಳುತ್ತೇನೆ, ವರ್ತಕರೆಲ್ಲ ನೆನಪಿಟ್ಟುಕೊಳ್ಳಲಿ. ಹಾರ್ಡ್‌ವೇರ್ ಅಂಗಡಿಗೆ ಬಂದ ಒಂದೇ ಒಂದು ಖರೀದಿ ಬಿಲ್ ತೆಗೆದುಕೊಳ್ಳಿ. ಬಿಲ್ಲಿನ ಫೋಟೊ ಓದಬೇಕು. ಹದಿನೈದು ಅಕ್ಷರ, ಅಂಕಿಗಳ ಜಿಎಸ್‌ಟಿ ಸಂಖ್ಯೆ ಸರಿಯಾಗಿ ಹಿಡಿಯಬೇಕು. ಸರಕಿನ ಎಚ್‌ಎಸ್‌ಎನ್ ಕೋಡ್, ತೆರಿಗೆ ದರ, ಹೊರರಾಜ್ಯದ ಸರಕೋ ಒಳರಾಜ್ಯದ್ದೋ ಎಂಬುದು, ಡಜನ್ನೋ ಬಾಕ್ಸೋ ಕೆ.ಜಿ.ಯೋ ಎಂಬುದು ಗೊತ್ತಾಗಬೇಕು. ‘ಎರಡು ಬಾಕ್ಸ್ ಡ್ಯಾಮೇಜ್’ ಎಂದು ಡ್ರೈವರ್ ಎದುರಿಗೆ ಪೆನ್ನಿನಲ್ಲಿ ಗೀಚಿದ್ದೂ ಕಣ್ಣಿಗೆ ಬೀಳಬೇಕು. ಆಮೇಲೆ ಆರ್ಡರಿನ ಜೊತೆ ತಾಳೆ ನೋಡಬೇಕು, ಟ್ಯಾಲಿ ತಂತ್ರಾಂಶಕ್ಕೆ ಏರಿಸಬೇಕು, ಸ್ಟಾಕ್ ಕೂಡಿಸಬೇಕು, ಸರಬರಾಜುದಾರರ ಖಾತೆಗೆ ಬರೆಯಬೇಕು, ತಿಂಗಳ ಕೊನೆಗೆ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯ ಜೊತೆ ಹೊಂದಿಸಬೇಕು, ಕಟ್ಟುವ ದಿನ ಗುರುತಿಸಬೇಕು. ಇಂಥವು ಇಪ್ಪತ್ತು ಹೆಜ್ಜೆ ಎಂದಿಟ್ಟುಕೊಳ್ಳಿ. ಪ್ರತಿ ಹೆಜ್ಜೆಯಲ್ಲೂ ಏಜೆಂಟ್ ನೂರಕ್ಕೆ 95 ಸಲ ಸರಿ ಎಂದೇ ಒಪ್ಪೋಣ. 0.95ನ್ನು ಇಪ್ಪತ್ತು ಸಲ ಗುಣಿಸಿ ನೋಡಿ, ಬರುವುದು 0.36. ನೂರು ಬಿಲ್ಲಿನಲ್ಲಿ ಒಂದೂ ತಪ್ಪಿಲ್ಲದೆ ಕೊನೆ ಮುಟ್ಟುವುದು ಸುಮಾರು 36. ಉಳಿದ 64ರಲ್ಲಿ ಎಲ್ಲೋ ಒಂದು ಕಡೆ ತಪ್ಪು ಹೊಕ್ಕಿರುತ್ತದೆ. ಶೇ 99 ನಿಖರತೆ ಎಂದು ಎದೆ ತಟ್ಟಿಕೊಳ್ಳುವವರ ಲೆಕ್ಕದಲ್ಲೂ ನೂರಕ್ಕೆ 18 ಬಿಲ್ ಕೆಡುತ್ತವೆ. ನೂರಕ್ಕೆ ಹದಿನೆಂಟು ಬಿಲ್ ತಪ್ಪು ಬರೆಯುವ ಗುಮಾಸ್ತರನ್ನು ಯಾವ ಧಣಿ ಒಂದು ತಿಂಗಳು ಇಟ್ಟುಕೊಳ್ಳುತ್ತಾರೆ?

ಒಂದೊಂದು ಕೆಲಸಕ್ಕೆ ಒಂದೊಂದು ಪರಿಣತ ಏಜೆಂಟ್ ಇದ್ದರೆ ತಪ್ಪು ಕಡಿಮೆಯಾಗುತ್ತದೆ ಎಂಬುದು ಅವರ ದೊಡ್ಡ ವಾದ. ಆಗುವುದು ಅದರ ತಿರುಗುಮುರುಗು. ಬಿಲ್ ಓದುವ ಏಜೆಂಟ್ 1,150ನ್ನು 11,500 ಎಂದು ಓದಿದರೆ ಮುಂದಿನ ಏಜೆಂಟ್‌ಗೆ ಅದೇ ವೇದವಾಕ್ಯ. ಅದರ ಮುಂದಿನದಕ್ಕೂ ಅಷ್ಟೇ. ‘ಏನ್ರೀ ಇದು, ಇವರ ಬಿಲ್ ಯಾವತ್ತೂ ಇಷ್ಟು ಬಂದಿಲ್ಲವಲ್ಲ’ ಎಂದು ಕನ್ನಡಕ ಮೇಲೆತ್ತಿ ಕೇಳುವವರು ಆ ಸಾಲಿನಲ್ಲಿ ಯಾರೂ ಇಲ್ಲ. ಹಾಗಾದರೆ ಪ್ರತಿ ಹೆಜ್ಜೆಯನ್ನೂ ಒಬ್ಬರು ಪರೀಕ್ಷಿಸಲಿ ಎನ್ನುತ್ತೀರಾ? ಆ ಒಬ್ಬರ ಸಂಬಳ ಉಳಿಸಿಕೊಡುತ್ತೇವೆಂದೇ ಅಲ್ಲವೇ ನೀವು ಬಂದದ್ದು!

ಇದು ನನ್ನ ಕಾಗದದ ಲೆಕ್ಕ ಮಾತ್ರವಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಾಲ್ಪನಿಕ ಸಾಫ್ಟ್‌ವೇರ್ ಕಂಪನಿ ಕಟ್ಟಿ ಏಜೆಂಟ್‌ಗಳಿಗೆ ಕಚೇರಿ ಕೆಲಸ ಕೊಟ್ಟು ನೋಡಿದರು. 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮೊದಲ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮುಂದಿದ್ದ ಏಜೆಂಟ್ ತಾನಾಗಿ ಪೂರ್ತಿ ಮುಗಿಸಿದ್ದು ನೂರಕ್ಕೆ 24 ಕೆಲಸ. ಇನ್ನೂ ದೊಡ್ಡ ಪಾಠ ಈ ತಂತ್ರಜ್ಞಾನ ತಯಾರಿಸುವವರ ಮನೆಯಲ್ಲೇ ಇದೆ. ಆಂಥ್ರೊಪಿಕ್ ಕಂಪನಿ 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತನ್ನ ಕಚೇರಿಯೊಳಗಿನ ಒಂದು ಪುಟ್ಟ ಅಂಗಡಿಯನ್ನು ಸುಮಾರು ಒಂದು ತಿಂಗಳು ತನ್ನದೇ ಎಐ ಕೈಗೆ ಕೊಟ್ಟಿತು. ಅಂಗಡಿ ಎಂದರೆ ಒಂದು ಫ್ರಿಜ್, ಕೆಲವು ಬುಟ್ಟಿ, ಒಂದು ಐಪ್ಯಾಡ್. ಬಂಡವಾಳ ಸಾವಿರ ಡಾಲರ್. ಆ ಎಐ ಟಂಗ್‌ಸ್ಟನ್ ಲೋಹದ ಘನಗಳನ್ನು ತರಿಸಿ ಅಸಲಿಗಿಂತ ಕಡಿಮೆಗೆ ಮಾರಿತು. ಕೇಳಿದ ಹಲವರಿಗೆ ರಿಯಾಯಿತಿ ಕೊಟ್ಟಿತು. ಹದಿನೈದು ಡಾಲರಿನ ಪಾನೀಯಕ್ಕೆ ಗಿರಾಕಿ ನೂರು ಡಾಲರ್ ಕೊಡುತ್ತೇನೆಂದರೂ ಆ ವ್ಯಾಪಾರ ಕುದುರಿಸಲಿಲ್ಲ. ಇಲ್ಲದ ಖಾತೆಯೊಂದನ್ನು ಕಲ್ಪಿಸಿಕೊಂಡು ಅಲ್ಲಿಗೆ ಹಣ ಹಾಕಿ ಎಂದು ಗಿರಾಕಿಗಳಿಗೆ ಹೇಳಿತು. ನೀಲಿ ಕೋಟು, ಕೆಂಪು ಟೈ ಧರಿಸಿ ತಾನೇ ಬಂದು ಸರಕು ತಲುಪಿಸುತ್ತೇನೆ ಎಂದೂ ಹೇಳಿತು. ಕೊನೆಗೆ ಅಂಗಡಿಯ ಮೌಲ್ಯ ಎಂಟುನೂರು ಡಾಲರಿಗಿಂತ ಕೆಳಗಿಳಿದಿತ್ತು. ಆಂಥ್ರೊಪಿಕ್‌ನವರು ಇದನ್ನು ಪ್ರಯೋಗ ಎಂದು ಕರೆದು, ಸೋತದ್ದನ್ನು ತಾವೇ ಪ್ರಕಟಿಸಿದರು. ಅವರ ಹಣ, ಅವರ ಫ್ರಿಜ್, ನಮ್ಮ ತಕರಾರಿಲ್ಲ. ತಯಾರಿಸಿದವರೇ ಪ್ರಯೋಗ ಎಂದದ್ದನ್ನು ಹುಬ್ಬಳ್ಳಿಯ ಕಿರಾಣಿ ಅಂಗಡಿಗೆ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡಿಗೆ ಸಿದ್ಧ ಸರಕೆಂದು ತಂದು ಸುರಿಯುವುದು ಮೋಸ. ಬೇರೆ ಪದ ನನಗೆ ಸಿಗುವುದಿಲ್ಲ.

ಯಂತ್ರ ಆಡಿದ ಮಾತಿನ ಹೊಣೆಯೂ ಅದನ್ನು ಇಟ್ಟುಕೊಂಡವರದೇ. ಕೆನಡಾದ ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬಂತೆ ಆ ಸಂಸ್ಥೆ ವಾದಿಸಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ, ಪರಿಹಾರ ಕೊಡಿ ಎಂದಿತು. ಆ ತೀರ್ಪು ನ್ಯಾಯವಾದದ್ದೇ. ವಿಮಾನ ಸಂಸ್ಥೆಗೆ ಆ ಹಣ ಲೆಕ್ಕಕ್ಕಿಲ್ಲ. ನಮ್ಮ ಸೀರೆ ಅಂಗಡಿಯ ಏಜೆಂಟ್ ರಾತ್ರಿ ಹನ್ನೆರಡಕ್ಕೆ ಅರ್ಧ ಬೆಲೆಗೆ ಐವತ್ತು ಸೀರೆಯ ಆರ್ಡರ್ ಒಪ್ಪಿಕೊಂಡರೆ ಬೆಳಿಗ್ಗೆ ಆ ಮಾತು ಉಳಿಸಿಕೊಳ್ಳಬೇಕಾದವರು ಯಾರು?

ಕರ್ನಾಟಕದ ವ್ಯಾಪಾರಿಗಳಿಗೆ 2025ರ ಜುಲೈ ಮರೆತುಹೋಗಿರಲಾರದು. ಯುಪಿಐ ಮೂಲಕ ಬಂದ ಹಣದ ಮೊತ್ತ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆಯ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಬೇಕರಿ, ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿದವು. ಹಳೆಯ ತೆರಿಗೆ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲಷ್ಟೇ ಕಾವು ಇಳಿಯಿತು. ಅದು ಎಐ ಮಾಡಿದ ಕೆಲಸವಲ್ಲ, ಇಲಾಖೆಯದು. ಆದರೆ ಅಂಕಿ ಮಾತ್ರ ನೋಡಿ ಅದರ ಹಿಂದಿನ ಬದುಕು ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯ ಕಂಡಿತು. ಸಣ್ಣ ವ್ಯಾಪಾರಿಯ ಖಾತೆಗೆ ಮಾರಾಟದ ಹಣ ಮಾತ್ರ ಬರುವುದಿಲ್ಲ. ಚೀಟಿ ಎತ್ತಿದ ಹಣ, ಭಾವಮೈದುನ ಕೊಟ್ಟ ಕೈಗಡ, ಮಗಳ ಮದುವೆಗೆ ತೆಗೆದ ಸಾಲ ಎಲ್ಲ ಬರುವುದು ಅಲ್ಲಿಗೇ. ಬ್ಯಾಂಕ್ ಸ್ಟೇಟ್‌ಮೆಂಟ್ ಓದುವ ಏಜೆಂಟ್ ಅದನ್ನೆಲ್ಲ ‘ಮಾರಾಟ’ ಎಂದು ಬರೆದು ರಿಟರ್ನ್ ತುಂಬಿಬಿಟ್ಟರೆ? ಅಂದು ಬಂದದ್ದು ಇಲಾಖೆಯ ನೋಟಿಸ್, ಉತ್ತರ ಕೊಡಲು ಅವಕಾಶವಿತ್ತು. ಏಜೆಂಟ್ ತುಂಬಿದ್ದು ನಿಮ್ಮದೇ ಒಪ್ಪಿಗೆ. ಅದನ್ನು ಅಲ್ಲಗಳೆಯಲು ಚಾರ್ಟರ್ಡ್ ಅಕೌಂಟೆಂಟ್ ಬಾಗಿಲಿಗೆ ಎಷ್ಟು ಸಲ ಅಲೆಯಬೇಕೋ.

ಬಾಕಿ ವಸೂಲಿಯ ಏಜೆಂಟ್ ಬಗ್ಗೆ ಕೇಳಿದಾಗಲಂತೂ ಮೈ ಉರಿಯುತ್ತದೆ. ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವ ಶೆಡ್ಡಿನವರಿಗೆ ದೊಡ್ಡ ಕಂಪನಿಯ ಹಣ ತಡವಾಗುವುದು ಕಂಪನಿ ಮರೆತದ್ದರಿಂದಲೇ? ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಕೊಡಲು ಮನಸ್ಸಿಲ್ಲ, ಅಷ್ಟೇ. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿ ಕೇಳಿದವರಿಗೆ ಮುಂದಿನ ಆರ್ಡರ್ ಸಿಗುವುದಿಲ್ಲ ಎಂಬುದು ಪ್ರತಿ ಶೆಡ್ಡಿಗೂ ಗೊತ್ತು. ದೂರು ಕೊಡಲು ‘ಸಮಾಧಾನ್’ ಪೋರ್ಟಲ್ 2017ರಲ್ಲೇ ಶುರುವಾಯಿತು. ದೂರು ಕೊಟ್ಟು ಗಿರಾಕಿಯನ್ನೇ ಕಳೆದುಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ? ಕಾಯ್ದೆ, ಪೋರ್ಟಲ್ ಮಾಡಿದ ಸರ್ಕಾರಗಳು ಈ ಹೆದರಿಕೆಯನ್ನು ತೆಗೆಯಲಿಲ್ಲ, ಉದ್ಯಮಪತಿಗಳು ವೇದಿಕೆಗಳಲ್ಲಿ ಈ ಬಗ್ಗೆ ಉಸಿರೆತ್ತುವುದಿಲ್ಲ. ಬದಲಿಗೆ ಸಣ್ಣವರು ದಕ್ಷರಲ್ಲ, ಅವರಿಗೆ ತಂತ್ರಜ್ಞಾನ ಬೇಕು ಎಂದು ಉಪದೇಶ ಕೊಡುತ್ತಾರೆ. ದುಡಿದವರ ಹಣ ಆರು ತಿಂಗಳು ಹಿಡಿದಿಟ್ಟುಕೊಂಡು ಅವರಿಗೇ ದಕ್ಷತೆಯ ಪಾಠ! ಏಜೆಂಟ್ ದಿನಾ ಬೆಳಿಗ್ಗೆ ಎಷ್ಟು ನಯವಾದ ಇಮೇಲ್ ಕಳಿಸಿದರೂ ಆ ಹಣ ಒಂದು ದಿನ ಮುಂಚೆ ಬರುವುದಿಲ್ಲ.

ಇತ್ತ ಕಿರಾಣಿ ಅಂಗಡಿಯ ಉದ್ರಿ ಖಾತೆಯದು ಬೇರೆಯೇ ಕಥೆ. ಅಲ್ಲಿ ಯಾರನ್ನು ಯಾವಾಗ ಕೇಳಬೇಕು, ಯಾವಾಗ ಕೇಳಬಾರದು ಎಂಬುದೇ ವ್ಯಾಪಾರ. ‘ಅವರ ಮನೆಯಲ್ಲಿ ಸಾವಾಗಿದೆ, ಈ ತಿಂಗಳು ಬಿಡಿ ಸರ್’ ಎಂದು ಹೇಳುವುದು ಕೌಂಟರಿನ ಹುಡುಗಿ. ಅವಳು ಬಿ.ಕಾಂ. ಮುಗಿಸಿ ಊರಿನಲ್ಲೇ ಸಿಕ್ಕ ಮೊದಲ ನೌಕರಿಗೆ ಬಂದವಳು. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಇಂಥ ಸಾವಿರಾರು ಮಕ್ಕಳಿಗೆ ಕೆಲಸ ಕಲಿಸಿದ್ದು ಅಂಗಡಿಯ ಟ್ಯಾಲಿ ಪರದೆಯೇ. ಏಜೆಂಟ್ ಮೊದಲು ಕೊಯ್ಯುವುದು ಅವರ ಕೆಲಸವನ್ನೇ. 2023ರಲ್ಲಿ ಬೆಂಗಳೂರಿನ ದುಕಾನ್ ಎಂಬ ಸ್ಟಾರ್ಟ್‌ಅಪ್‌ನ ಮುಖ್ಯಸ್ಥರು ಗ್ರಾಹಕ ಸೇವೆಯ ನೂರಕ್ಕೆ 90 ಜನರನ್ನು ತೆಗೆದು ಚಾಟ್‌ಬಾಟ್ ಇಟ್ಟೆವೆಂದು ಬಹಿರಂಗವಾಗಿ ಹೆಮ್ಮೆಪಟ್ಟರು. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ 700 ಜನರ ಕೆಲಸವನ್ನು ಎಐ ಮಾಡುತ್ತಿದೆ ಎಂದಿತ್ತು, ಮರುವರ್ಷವೇ ಗ್ರಾಹಕ ಸೇವೆಗೆ ಮತ್ತೆ ಮನುಷ್ಯರನ್ನು ಹುಡುಕಿತು. ದೊಡ್ಡವರು ಹೀಗೆ ಹಿಂದೆ ತಿರುಗಬಹುದು. ತೆಗೆದುಹಾಕಿದ ಗುಮಾಸ್ತರ ಜೊತೆ ಇಡೀ ಊರಿನ ಲೆಕ್ಕ ಕಳೆದುಕೊಂಡ ಸಣ್ಣ ಅಂಗಡಿಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ.

ಏಜೆಂಟ್ ಬಿಲ್ ಓದಲಿ, ಕರಡು ಬರೆಯಲಿ, ತಾಳೆಯಾಗದ್ದನ್ನು ತೋರಿಸಲಿ, ನನ್ನ ಅಡ್ಡಿಯಿಲ್ಲ. ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಮಾತ್ರ ಅದರ ಕೈಗೆ ಹೋಗಕೂಡದು. ರಿಟರ್ನ್ ಸಲ್ಲಿಸುವ ಗುಂಡಿ ಒತ್ತುವುದು, ಗಿರಾಕಿಗೆ ದರ ಹೇಳುವುದು ಮನುಷ್ಯರ ಕೈಯಲ್ಲೇ ಇರಬೇಕು. ಕಾಸಿಯಾ, ಎಫ್‌ಕೆಸಿಸಿಐನಂಥ ಉದ್ಯಮಿಗಳ, ವರ್ತಕರ ಸಂಸ್ಥೆಗಳು ಎಐ ಕಾರ್ಯಾಗಾರ ನಡೆಸುವ ಮೊದಲು ಒಂದು ಮಾದರಿ ಒಪ್ಪಂದ ಬರೆಸಲಿ. ಒಂದೇ ಪುಟ ಸಾಕು, ಕನ್ನಡದಲ್ಲಿರಲಿ. ತಪ್ಪು ರಿಟರ್ನಿನ ಬಡ್ಡಿ ಮತ್ತು ದಂಡ, ತಪ್ಪು ಖಾತೆಗೆ ಹೋದ ಹಣ, ಏಜೆಂಟ್ ಒಪ್ಪಿಕೊಂಡ ನಷ್ಟದ ಆರ್ಡರ್, ಈ ಎಲ್ಲಕ್ಕೂ ಮಾರಿದವರೇ ಹೊಣೆ ಎಂದು ಅದರಲ್ಲಿರಲಿ. ಸಣ್ಣ ಉದ್ಯಮಗಳ ಎಐಗೆ ಸರ್ಕಾರ ಒಂದು ರೂಪಾಯಿ ಸಹಾಯಧನ ಕೊಡುವುದಾದರೂ ಈ ಸಹಿ ಇದ್ದವರಿಗೆ ಮಾತ್ರ ಕೊಡಲಿ. ವ್ಯಾಜ್ಯ ಬಂದರೆ ಅದು ನಡೆಯುವುದು ಅಂಗಡಿ ಇರುವ ಜಿಲ್ಲೆಯ ನ್ಯಾಯಾಲಯದಲ್ಲಿ ಎಂಬ ಷರತ್ತೂ ಅದರಲ್ಲೇ ಸೇರಲಿ.