ಬೆಂಚ್‌ಮಾರ್ಕೇ ಕುಸಿದರೆ?

ನಾನು ನಿವೃತ್ತನಾಗುವ ಮುಂಚಿನ ವರ್ಷ ನಮ್ಮ ಕಚೇರಿಗೆ ಡಿ ದರ್ಜೆಯ ಹೊಸ ನೌಕರನೊಬ್ಬ ಬಂದ. ಒಂದು ದಿನ ಎಸ್ಟಿಮೇಟನ್ನು ಝೆರಾಕ್ಸ್ ಮಾಡಿಸಿ ತಂದವನು ಅಳುಕುತ್ತಲೇ, "ಸರ್, ಕಾಂಕ್ರೀಟ್ ಎರಡು ಸಲ ಕೂಡಿದ ಹಾಗಿದೆ" ಎಂದ. ನೋಡಿದರೆ ತಪ್ಪು ನಿಜ. ಹುಡುಗ ಸಿವಿಲ್ ಬಿ.ಇ. ಮುಗಿಸಿದ್ದ. "ಕಾಯಕದಲ್ಲಿ ಮೇಲು ಕೀಳಿಲ್ಲ ತಮ್ಮಾ" ಎಂದು ಬೆನ್ನು ತಟ್ಟಿ ಕಳಿಸಿದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಆ ಹುದ್ದೆಗೆ ಬೇಕಿದ್ದದ್ದು ಎಸ್ಸೆಸ್ಸೆಲ್ಸಿ, ಅಂದರೆ 10 ವರ್ಷದ ಓದು. ಅವನದು 16. ಓದಿಗೂ ಕೆಲಸಕ್ಕೂ ನಡುವಿನ ಈ ಅಂತರವನ್ನು ಅಳೆಯಲು ಮೂರು ದಾರಿಗಳಿವೆ. ಯಾವ ಕೆಲಸಕ್ಕೆ ಎಷ್ಟು ಓದು ಬೇಕೆಂದು ಮೊದಲೇ ಗೊತ್ತುಮಾಡುವುದು ಒಂದು. ನಮ್ಮ ದೇಶದ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣದಲ್ಲಿ ಇದಕ್ಕಾಗಿ 4 ಕೌಶಲ ಹಂತಗಳಿವೆ. ಆ ಕೆಲಸದಲ್ಲಿರುವವರ ಓದಿನ ಸರಾಸರಿ ತೆಗೆದು, ಅದಕ್ಕಿಂತ ತೀರ ಹೆಚ್ಚು ಓದಿದವರನ್ನು ಎಣಿಸುವುದು ಎರಡನೆಯದು. ದುಡಿಯುವವರನ್ನೇ ಕೇಳುವುದು ಮೂರನೆಯದು.

ಎರಡನೆಯದು ಸುಲಭ, ಸಮೀಕ್ಷೆಯ ಅಂಕಿಗಳಿದ್ದರೆ ಸಾಕು. ಆದರೆ ಲೆವೆಲ್ ತೆಗೆದವರಿಗೆ ಗೊತ್ತು, ನೆಲದ ಜೊತೆ ಬೆಂಚ್‌ಮಾರ್ಕ್ ಕಲ್ಲೂ ಕುಸಿದರೆ ಕುಸಿತ ಲೆಕ್ಕಕ್ಕೇ ಸಿಗುವುದಿಲ್ಲ. ಪದವೀಧರರೇ ಜವಾನರಾಗುತ್ತ ಹೋದರೆ ಜವಾನರ ಸರಾಸರಿ ಓದು ಏರುತ್ತದೆ. ಕೊನೆಗೆ ಆ ಹುಡುಗ ತಕ್ಕ ಕೆಲಸದಲ್ಲೇ ಇದ್ದಾನೆಂದು ಲೆಕ್ಕ ಹೇಳುತ್ತದೆ! ಮೊದಲನೆಯ ದಾರಿಯಲ್ಲಿ ಈ ದೋಷವಿಲ್ಲ. ಆದರೆ ಅದು ಓದಿದ ವರ್ಷಗಳನ್ನು ಎಣಿಸುತ್ತದೆ, ಕಲಿತದ್ದೆಷ್ಟು ಎಂಬುದನ್ನಲ್ಲ. ಆದ್ದರಿಂದ ಕೇಳದೆ ಗತಿಯಿಲ್ಲ.

ನಮ್ಮ ಮಠಗಳು ಶಾಲೆ, ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುತ್ತಿವೆ. ಇದು ದೊಡ್ಡ ದಾಸೋಹ. ಪ್ರವೇಶ, ರ್‍ಯಾಂಕು, ಕಟ್ಟಡಗಳ ಲೆಕ್ಕ ವರದಿಯಲ್ಲಿ ತಪ್ಪದೆ ಬರುತ್ತದೆ. ಹೊರಗೆ ಹೋದ ಮಕ್ಕಳ ಲೆಕ್ಕ ಎಲ್ಲಿದೆ? ಪದವಿ ಪಡೆದ ಮೂರು ವರ್ಷಕ್ಕೆ ಪ್ರತಿಯೊಬ್ಬರನ್ನೂ ಕೇಳೋಣ: ಯಾವ ಕೆಲಸ? ಕಲಿತದ್ದರಲ್ಲಿ ಎಷ್ಟು ಬಳಕೆಗೆ ಬಂತು? ನಾವು ಕಲಿಸದೆ ಬಿಟ್ಟದ್ದೇನು? ಉತ್ತರ ಕಹಿಯಾದರೂ ಹಾಗೆಯೇ ಅಚ್ಚು ಹಾಕೋಣ.

ಹಗ್ಗ ಹೊಸೆದ ನುಲಿಯ ಚಂದಯ್ಯನವರ ಪರಂಪರೆ ನಮ್ಮದು. ಜವಾನನ ಕೆಲಸವೂ ಕಾಯಕವೇ. ಆದರೆ ಆ ಮಾತು ನಮ್ಮ ಕೊರತೆಯನ್ನು ಮುಚ್ಚುವ ಹೊದಿಕೆಯಾಗಬಾರದು. ಅಂದು ನಾನು ಮಾಡಿದ್ದು ಅದನ್ನೇ. ಬೆನ್ನು ತಟ್ಟುವ ಮೊದಲು ಅವನನ್ನು ಕೂರಿಸಿ ಕೇಳಬೇಕಿತ್ತು.