‘ಒಳಗಿನ ಬಲ’ ಎಂದರೆ ಏನು? – ತಾಯ್ ಚಿ ಕುರಿತು ನಾಲ್ಕು ಮಾತು



ಚೀನಾದ ‘ತಾಯ್ ಚಿ’ಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾನು ಸಿಂಗಪುರದಲ್ಲಿ ಅದನ್ನು ಕಲಿಯುತ್ತಿದ್ದೇನೆಂದು ತಿಳಿದಾಗ ನಮ್ಮ ಬಂಧುಬಳಗದಲ್ಲಿ ಎರಡು ಬಗೆಯ ಮಾತುಗಳು ಕೇಳಿಬಂದವು. ‘ಅದು ಮುದುಕರು ಪಾರ್ಕಿನಲ್ಲಿ ಗಾಳಿಗೆ ಕೈಯಾಡಿಸುವ ಆಟವಲ್ಲವೇ?’ ಎಂದು ಕೆಲವರು ನಕ್ಕರು. ಇನ್ನು ಕೆಲವರು ದನಿ ತಗ್ಗಿಸಿ, ‘ಮುಟ್ಟದೆಯೇ ಎದುರಾಳಿಯನ್ನು ಕೆಡವುವ ಶಕ್ತಿ ಬರುತ್ತದಂತೆ, ಹೌದೇ?’ ಎಂದು ಕೇಳಿದರು. ಎರಡೂ ಅಲ್ಲವೆಂಬುದು ನನ್ನ ಅಭಿಪ್ರಾಯ. ಅದರಲ್ಲೂ ಎರಡನೆಯದು ಬರಿಯ ತಪ್ಪು ತಿಳಿವಳಿಕೆಯಲ್ಲ, ಹಾನಿಕರವಾದದ್ದು. ಏಕೆಂದು ಹೇಳಲು ಸ್ವಲ್ಪ ಸುತ್ತಿಬರಬೇಕಾಗುತ್ತದೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ಹೊಸದೇನಲ್ಲ.

2018ರಲ್ಲಿ ನಿವೃತ್ತಳಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಮಗಳ ಮನೆಯಲ್ಲಿರುವುದು ರೂಢಿಯಾಯಿತು (ಕೊರೋನಾದ ಎರಡು ವರ್ಷಗಳನ್ನು ಬಿಟ್ಟು). ಅವಳ ಮನೆಗೆ ಸಮೀಪದ ಬಿಷಾನ್–ಆಂಗ್ ಮೋ ಕಿಯೋ ಉದ್ಯಾನದಲ್ಲಿ ಬೆಳಗಿನ ಹೊತ್ತು ಇಂಥ ಗುಂಪುಗಳು ಕಾಣಸಿಗುತ್ತವೆ. ನಾನು ಸೇರಿದ ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ, ಟ್ಯಾಕ್ಸಿ ಓಡಿಸಿ ನಿವೃತ್ತರಾದವರು. ಎಲ್ಲರೂ ‘ಸೀಫು’ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ನಿಧಾನಗತಿಯ ಆ ಚಂದದ ಚಲನೆಗಳನ್ನು ಹೇಳಿಕೊಡುತ್ತಾರೆಂದು ಹೋದರೆ ಮೊದಲ ದಿನ ಸುಮ್ಮನೆ ನಿಲ್ಲಿಸಿದರು. ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲು ಕೊಂಚ ಮಡಿಚಿ, ದೊಡ್ಡ ಕೊಡವನ್ನು ತಬ್ಬಿಕೊಂಡಂತೆ ಎದೆಯ ಮುಂದೆ ತೋಳುಗಳು. ಇದಕ್ಕೆ ‘ಜಾನ್ ಜುವಾಂಗ್’ ಎಂದು ಹೆಸರು. ನೆಟ್ಟ ಕಂಬದಂತೆ ನಿಲ್ಲುವುದು ಎಂದು ಅರ್ಥ. ಐದು ನಿಮಿಷಕ್ಕೆ ತೊಡೆಗಳು ನಡುಗತೊಡಗಿದವು. ಸೀಫು ಹತ್ತಿರ ಬಂದು ನನ್ನ ಬಲಭುಜದ ಮೇಲೆ ಎರಡು ಬೆರಳನ್ನಿಟ್ಟು, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಟೀಚರ್ ಎಂದೆ. ‘ಇನ್ನೂ ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದೀರಿ’ ಎಂದರು. ನೋಡಿಕೊಂಡರೆ ಬಲಭುಜ ಎಡಭುಜಕ್ಕಿಂತ ಒಂದಂಗುಲ ಮೇಲೆಯೇ ಇತ್ತು! ಮೂವತ್ತು ವರ್ಷಗಳಿಗೂ ಮಿಕ್ಕಿ ಸೀಮೆಸುಣ್ಣ ಹಿಡಿದು ಎತ್ತಿದ ಭುಜ, ಕೆಲಸ ಮುಗಿದರೂ ಕೆಳಗಿಳಿದಿರಲಿಲ್ಲ. ಅದನ್ನು ಇಳಿಸಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದವರಾರೂ ಇದನ್ನು ಗಮನಿಸಿರಲಿಲ್ಲ ನೋಡಿ.

ಈ ಇಳಿಸುವಿಕೆಗೆ ಅವರಲ್ಲಿ ‘ಸುಂಗ್’ ಎಂಬ ಮಾತಿದೆ. ಸಡಿಲ ಎಂದು ಅನುವಾದಿಸಬಹುದು, ಆದರೆ ಜೋತುಬೀಳುವುದಲ್ಲ. ಹಳೆಯ ಚೀನೀ ಲಿಪಿಯಲ್ಲಿ ಆ ಅಕ್ಷರದ ಮೇಲ್ಭಾಗದಲ್ಲಿ ಉದ್ದ ಕೂದಲನ್ನು ಸೂಚಿಸುವ ಚಿಹ್ನೆಯೊಂದಿದೆ. ಬಿಗಿಯಾದ ತುರುಬನ್ನು ಬಿಚ್ಚಿದಾಗ ಕೂದಲು ತನ್ನ ಭಾರದಿಂದ ತಾನೇ ಇಳಿಯುತ್ತದಲ್ಲ, ಹಾಗೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ನೆತ್ತಿ ಮೇಲಕ್ಕೆ, ಬೆನ್ನೆಲುಬು ನೇರ. ಮಿಕ್ಕದ್ದೆಲ್ಲ ಅದಕ್ಕೆ ತೂಗುಹಾಕಿದಂತೆ. ಕೇಳಲು ಸುಲಭ. ಆದರೆ ಯಾರಾದರೂ ನಮ್ಮನ್ನು ತಳ್ಳುತ್ತಿರುವಾಗಲೂ ಹಾಗೆಯೇ ಇರುವುದು ಬಹಳ ಕಷ್ಟ.

ತಳ್ಳುವುದು ಎಂದೆ. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರ ಸಮತೋಲನವನ್ನು ಇನ್ನೊಬ್ಬರು ತಪ್ಪಿಸಲು ಯತ್ನಿಸುವ ಅಭ್ಯಾಸಕ್ಕೆ ‘ತುಯ್‌ಶೋ’ ಎನ್ನುತ್ತಾರೆ. ನನಗೆ ಜೊತೆಯಾಗಿ ಸಿಕ್ಕವರು ಎಪ್ಪತ್ತೆಂಟರ ಒಬ್ಬ ಅಜ್ಜಿ. ನಲವತ್ತೈದು ಕಿಲೋ ತೂಗುತ್ತಿದ್ದರೇನೋ. ನಾನು ಅವರಿಗಿಂತ ಬಹಳ ಭಾರ (ಎಷ್ಟೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ). ತಳ್ಳಿದೆ. ಎದುರಿಗೆ ಏನೂ ಇಲ್ಲದಂತಾಗಿ ಮುಂದಕ್ಕೆ ಮುಗ್ಗರಿಸಿದೆ. ಸಾವರಿಸಿಕೊಂಡು ಹಿಂದೆ ಸರಿಯುವಷ್ಟರಲ್ಲಿ ಅವರು ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು. ಮೂರು ಹೆಜ್ಜೆ ಹಿಂದೆ ಹೋಗಿ ನಿಂತೆ.

ಒಂಬತ್ತನೆಯ ತರಗತಿಯಲ್ಲಿ ನಿಮಗೆ ಹೇಳಿದ್ದನ್ನೇ ಇಲ್ಲಿ ಮತ್ತೊಮ್ಮೆ ನೆನಪಿಸುತ್ತೇನೆ. ಕೋಲಿನ ಒಂದು ತುದಿಯನ್ನು ತಳ್ಳಿದರೆ ಇನ್ನೊಂದು ತುದಿಯೂ ಸರಿಯುತ್ತದೆ. ಹಗ್ಗದ ತುದಿಯನ್ನು ತಳ್ಳಿದರೆ ಹಗ್ಗ ಮಡಿಚಿಕೊಳ್ಳುತ್ತದೆಯೇ ಹೊರತು ಆಚೆಯ ತುದಿಗೆ ಸುದ್ದಿಯೇ ಮುಟ್ಟುವುದಿಲ್ಲ. ಭಯದಿಂದ ಬಿಗಿಯಾದ ನನ್ನ ತೋಳು ಕೋಲಾಗಿತ್ತು. ಅಜ್ಜಿಯ ಕೈಗೆ ಅದೊಂದು ಹಿಡಿಕೆ. ಮೊಣಕೈಯನ್ನು ಒತ್ತಿದರೆ ನನ್ನ ಇಡೀ ಮೈ ಚಲಿಸುತ್ತಿತ್ತು. ಅವರ ತೋಳು ಹಗ್ಗವಾಗಿತ್ತು, ನನ್ನ ಬಲ ಅವರ ಗುರುತ್ವಕೇಂದ್ರವನ್ನು ತಲುಪಲೇ ಇಲ್ಲ. ನಿಂತ ವಸ್ತುವಿನ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಪಾದದ ಆಚೆ ಬಿದ್ದರೆ ವಸ್ತು ಉರುಳುತ್ತದೆ. ನಾನು ಮುಗ್ಗರಿಸಿದಾಗ ನನ್ನದು ಆಗಲೇ ಅಂಚಿಗೆ ಬಂದಿತ್ತು, ಮುಗಿಸಲು ಅವರಿಗೆ ಸ್ವಲ್ಪವೇ ಬಲ ಸಾಕಾಯಿತು. ಅವರು ಒತ್ತುವಾಗ ಬಲ ಹುಟ್ಟಿದ್ದು ಕೈಯಿಂದಲ್ಲ. ಹಿಮ್ಮಡಿಯಿಂದ ನೆಲವನ್ನು ಒತ್ತಿ, ನೆಲ ಹಿಂತಿರುಗಿಸಿದ್ದನ್ನು ತೊಡೆ, ಸೊಂಟ, ಬೆನ್ನಿನ ಮೂಲಕ ಕೈಗೆ ತಂದರು. ಬಿಗಿಯಾದ ಒಂದು ಕೀಲು ದಾರಿಯಲ್ಲಿದ್ದರೂ ಬಲ ಅಲ್ಲಿಯೇ ನಿಲ್ಲುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಅಷ್ಟು ವರ್ಷ ಕಲಿಸಿದ ನಾನು ಅದನ್ನು ಮೈಯಿಂದ ತಿಳಿದುಕೊಂಡದ್ದು ಅಂದೇ.

ಇದೇ ‘ಒಳಗಿನ ಬಲ’. ಒಳಗಿನದು ಏಕೆಂದರೆ ನೋಡುವವರಿಗೆ ಕಾಣುವುದಿಲ್ಲ. ಉಬ್ಬಿದ ಸ್ನಾಯುವಿಲ್ಲ, ಹಾರಾಟವಿಲ್ಲ. ಎದುರಿನವರ ಒತ್ತಡ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಚರ್ಮದಿಂದಲೇ ಅರಿಯುವ ಕೌಶಲಕ್ಕೆ ಅವರು ‘ಕೇಳಿಸಿಕೊಳ್ಳುವುದು’ ಎನ್ನುತ್ತಾರೆ. ಎಷ್ಟು ಸೊಗಸಾದ ಮಾತು!

ಹಾಗಾದರೆ ‘ಚೀ’ ಎಂದು ಹೇಳುತ್ತಾರಲ್ಲ, ಅದೇನು? ನಮ್ಮವರು ಅದನ್ನು ಕೂಡಲೇ ‘ಪ್ರಾಣ’ ಎಂದು ಅನುವಾದಿಸಿ, ನಾಡಿ, ಚಕ್ರ, ಕುಂಡಲಿನಿಗಳನ್ನೆಲ್ಲ ಅದರ ಬೆನ್ನಿಗೆ ಕಟ್ಟುತ್ತಾರೆ. ಸೀಫು ‘ಚೀ ಪಾದಕ್ಕೆ ಇಳಿಯಲಿ’ ಎನ್ನುತ್ತಿದ್ದುದುಂಟು. ಹಾಗೆ ಹೇಳಿದಾಗ ನನ್ನ ಉಸಿರು ತಗ್ಗುತ್ತಿತ್ತು, ಭುಜ ಇಳಿಯುತ್ತಿತ್ತು, ತೂಕ ಹಿಮ್ಮಡಿಗೆ ಹೋಗುತ್ತಿತ್ತು. ಮೂರನ್ನೂ ಬೇರೆಬೇರೆಯಾಗಿ ಹೇಳಿದ್ದರೆ ಒಂದೂ ಆಗುತ್ತಿರಲಿಲ್ಲ. ವಿದ್ಯುತ್ ಪಾಠ ಮಾಡುವಾಗ ಪ್ರವಾಹವು ಕೊಳವೆಯ ನೀರಿನಂತೆ ಎಂದು ನಾನು ಹೇಳುತ್ತಿದ್ದೆ. ಆ ಹೋಲಿಕೆ ಬಹಳ ದೂರ ನಡೆಯುತ್ತದೆ. ಆದರೆ ತಂತಿಯನ್ನು ಕತ್ತರಿಸಿದರೆ ಕರೆಂಟು ನೆಲಕ್ಕೆ ಏಕೆ ಸುರಿಯುವುದಿಲ್ಲ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದಾಗ, ಹೋಲಿಕೆಯನ್ನು ಕೆಳಗಿಟ್ಟು ಸಂಗತಿಯನ್ನು ಹೇಳುವುದು ಮೇಷ್ಟರ ಧರ್ಮ. ‘ಚೀ’ ಎಂಬುದು ಕಲಿಸುವವರ ಕೈಯಲ್ಲಿ ಒಳ್ಳೆಯ ಹೋಲಿಕೆ. ಆ ನೀರನ್ನು ಬಾಟಲಿಯಲ್ಲಿ ತುಂಬಿ ಮಾರಲು ಹೊರಟಾಗ ಮಾತ್ರ ನನಗೆ ಸಿಟ್ಟು ಬರುತ್ತದೆ.

ಮಾರುವವರಿದ್ದಾರೆ. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಅವನ ತಾಯಿ ಒಂದೇ ವರ್ಷದಲ್ಲಿ ಎರಡು ಸಲ ಬಚ್ಚಲುಮನೆಯಲ್ಲಿ ಬಿದ್ದಿದ್ದಾರೆ. ಸಮತೋಲನಕ್ಕೆ ತಾಯ್ ಚಿಯಂಥ ವ್ಯಾಯಾಮ ಒಳ್ಳೆಯದೆಂದು ವೈದ್ಯರು ಹೇಳಿದರಂತೆ. ಹುಡುಕಿದಾಗ ಅವನಿಗೆ ಸಿಕ್ಕಿದ್ದು ವಾರಾಂತ್ಯದ ಶಿಬಿರವೊಂದು: ಎರಡೇ ದಿನದಲ್ಲಿ ‘ಚೀ’ ಜಾಗೃತಿ, ಸಕ್ಕರೆ ಕಾಯಿಲೆಗೆ ಮಾತ್ರೆ ಬೇಡವಾಗುವ ಭರವಸೆ, ಜೊತೆಗೆ ಗುರುಗಳು ಕೈ ಬೀಸಿದೊಡನೆ ನಾಲ್ವರು ಶಿಷ್ಯರು ಹಾರಿ ಬೀಳುವ ವಿಡಿಯೊ. ‘ಮೇಡಂ, ಅವರು ಬಿದ್ದದ್ದು ಸುಳ್ಳೇ?’ ಎಂದು ಕೇಳಿದ.

ಸುಳ್ಳೆಂದು ಹೇಳಲಾರೆ. ಪಾಠ ಮುಗಿಸಿ ‘ಅರ್ಥವಾಯಿತೇ?’ ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಆಯ್ತು ಮೇಡಂ’ ಎನ್ನುತ್ತಿತ್ತಲ್ಲ, ನೀವು ಸುಳ್ಳು ಹೇಳುತ್ತಿದ್ದಿರೇ? ಮೇಡಂ ಮೇಲಿನ ಗೌರವ, ಪಕ್ಕದವನೂ ಹಾಗೆಂದನೆಂಬ ಧೈರ್ಯ, ಬೇಗ ಮುಗಿಯಲಿ ಎಂಬ ಆಸೆ ಎಲ್ಲವೂ ಅದರಲ್ಲಿರುತ್ತಿತ್ತು. ಅರ್ಥವಾಗಿದೆಯೇ ಎಂಬುದು ತಿಳಿಯುತ್ತಿದ್ದುದು ಕಿರುಪರೀಕ್ಷೆಯಲ್ಲಿ. ಆ ಶಿಷ್ಯರು ಬೀಳುವುದೂ ಒಂದು ‘ಆಯ್ತು ಮೇಡಂ’. ಅಪಾಯವಿರುವುದು ಗುರುಗಳೇ ಅದನ್ನು ನಂಬತೊಡಗಿದಾಗ.

ಕಿರುಪರೀಕ್ಷೆಗಳು ನಡೆದಿವೆ. 2017ರ ಏಪ್ರಿಲಿನಲ್ಲಿ ಚೆಂಗ್ದು ನಗರದಲ್ಲಿ ಶು ಶಿಯಾವ್‌ಡಾಂಗ್ ಎಂಬ ಮಿಶ್ರ ಸಮರಕಲೆಯ ಪಟು, ತಾಯ್ ಚಿ ಗುರುವೆನಿಸಿಕೊಂಡಿದ್ದ ವೇಯ್ ಲೇಯ್ ಅವರನ್ನು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಕೆಡವಿದರು. 2020ರ ಮೇ ತಿಂಗಳಲ್ಲಿ ಮಾ ಬಾವ್‌ಗುವೊ ಎಂಬ ಇನ್ನೊಬ್ಬ ವೃದ್ಧ ಗುರು ಸುಮಾರು ಅರ್ಧ ನಿಮಿಷದಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಈ ದೃಶ್ಯಗಳನ್ನು ನೋಡಿ ಜಗತ್ತು ನಕ್ಕಿತು. ನನಗೆ ನಗು ಬರಲಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯನನ್ನು ಅಲ್ಲಿಯವರೆಗೆ ಯಾರೂ ನಿಜವಾಗಿ ತಳ್ಳಿರಲಿಲ್ಲವೇ ಎಂದು ವ್ಯಥೆಯಾಯಿತು. ಇದಕ್ಕೆ ಹೋಲಿಸಿದರೆ 1954ರ ಜನವರಿಯಲ್ಲಿ ಮಕಾವ್‌ನಲ್ಲಿ ನಡೆದ ಪಂದ್ಯವೇ ಗೌರವದ್ದು. ವು ಪಂಥದ ತಾಯ್ ಚಿಯ ಮುಖ್ಯಸ್ಥ ವು ಗಾಂಗ್‌ಯಿ, ಬಿಳಿ ಕೊಕ್ಕರೆ ಪಂಥದ, ತಮಗಿಂತ ಬಹಳ ಕಿರಿಯರಾದ ಚೆನ್ ಕೆಫು ಎಂಬುವರ ಎದುರು ಸಹಾಯಾರ್ಥ ಪಂದ್ಯದಲ್ಲಿ ಕಣಕ್ಕಿಳಿದರು. ಎರಡು ಸುತ್ತಾದ ಮೇಲೆ ಸೋಲುಗೆಲುವು ಘೋಷಿಸದೆ ನಿಲ್ಲಿಸಿದರು. ಅದರ ಚಿತ್ರೀಕರಣ ಉಳಿದಿದೆ. ಹಾರಾಟವಿಲ್ಲ, ಪವಾಡವಿಲ್ಲ, ಇಬ್ಬರು ಮನುಷ್ಯರು ಒಡ್ಡೊಡ್ಡಾಗಿ ಗುದ್ದಾಡುತ್ತಾರೆ ಅಷ್ಟೇ. ಆದರೂ ಐವತ್ತರ ಆಸುಪಾಸಿನ ಗುರು ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡರಲ್ಲ! ನಮ್ಮ ಗರಡಿಮನೆಗಳ ಪೈಲ್ವಾನರ ಮಾತಿಗೆ ಬೆಲೆಯಿದ್ದುದೂ ದಿನವೂ ಮಟ್ಟಿಯಲ್ಲಿ ಬಿದ್ದೆದ್ದವರೆಂಬ ಕಾರಣಕ್ಕೇ.

ಪವಾಡದ ಕಥೆಗಳಿಗೆ ಹಳೆಯ ಬೇರುಗಳಿವೆ. ಝಾಂಗ್ ಸಾನ್‌ಫೆಂಗ್ ಎಂಬ ತಾವೋ ಸನ್ಯಾಸಿಯೇ ಈ ವಿದ್ಯೆಯ ಮೂಲಪುರುಷನೆಂದು ಇಂದಿಗೂ ಹೇಳುವವರಿದ್ದಾರೆ. ಸಮರಕಲೆಯಲ್ಲಿ ‘ಒಳ’ ‘ಹೊರ’ ಎಂಬ ವಿಂಗಡಣೆ ಬರಹದಲ್ಲಿ ಮೊದಲು ಕಾಣುವುದು 1669ರಲ್ಲಿ, ಹುವಾಂಗ್ ಝಾಂಗ್‌ಶಿ ಎಂಬ ವಿದ್ವಾಂಸರು ವಾಂಗ್ ಝೆಂಗ್‌ನಾನ್ ಎಂಬ ವರಸೆಗಾರನ ಸಮಾಧಿಗಾಗಿ ಬರೆದ ಲೇಖದಲ್ಲಿ. ಸನ್ಯಾಸಿಯ ಹೆಸರೂ ಅಲ್ಲಿದೆ. 1930ರ ದಶಕದ ಆರಂಭದಲ್ಲಿ ತಾಂಗ್ ಹಾವ್ ಎಂಬ ಇತಿಹಾಸಕಾರರು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಗೇ ಹೋಗಿ ದಾಖಲೆಗಳನ್ನು ನೋಡಿ, ತಾಯ್ ಚಿಯ ಮೂಲವಿರುವುದು 17ನೆಯ ಶತಮಾನದ ಚೆನ್ ವಾಂಗ್‌ಟಿಂಗ್ ಎಂಬ ಯೋಧನಲ್ಲಿ, ಸನ್ಯಾಸಿಯಲ್ಲಲ್ಲ ಎಂದು ವಾದಿಸಿದರು. ಭಕ್ತರಿಗೆ ಇದು ರುಚಿಸಲಿಲ್ಲ. ನನಗಂತೂ ಹಳ್ಳಿಯ ಯೋಧನೇ ಹೆಚ್ಚು ಆಪ್ತ.

ಆ ಹಳ್ಳಿಯಲ್ಲಿ ಕಲಿತು ಬೀಜಿಂಗಿನಲ್ಲಿ ಹೆಸರಾದವನು ಯಾಂಗ್ ಲೂಚಾನ್ (1799–1872). ನೆಗೆತ, ಕಾಲಪ್ಪಳಿಕೆಗಳನ್ನು ಬಿಟ್ಟು ಮೊದಲಿನಿಂದ ಕೊನೆಯವರೆಗೆ ಒಂದೇ ನಿಧಾನಗತಿಯ ಅಭ್ಯಾಸವನ್ನು ಜನಪ್ರಿಯಗೊಳಿಸಿದವರು ಅವನ ಮೊಮ್ಮಗ ಯಾಂಗ್ ಚೆಂಗ್‌ಫು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗವು ಅದನ್ನೇ 24 ಭಂಗಿಗಳಿಗೆ ಇಳಿಸಿ, ಐದಾರು ನಿಮಿಷಗಳಲ್ಲಿ ಮುಗಿಯುವಂತೆ ರೂಪಿಸಿತು. ಇಂದು ಜಗತ್ತಿನ ಪಾರ್ಕುಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ. ಅದರಿಂದ ಲಾಭವಾಗಿದೆ, ಅಲ್ಲಗಳೆಯುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯ 195 ಮಂದಿಯ ಮೇಲೆ ಅಮೆರಿಕದ ಆರೆಗನ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆರಡು ಸಲದಂತೆ 24 ವಾರ ತಾಯ್ ಚಿ ಮಾಡಿದವರ ಸಮತೋಲನ ಉಳಿದವರಿಗಿಂತ ಉತ್ತಮವಾಯಿತು. ಬರಿಯ ಮೈ ಎಳೆತದ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ. ಗಮನಿಸಿ: 24 ವಾರ, ಎರಡು ದಿನವಲ್ಲ.

ಆದರೆ ಭಂಗಿಗಳನ್ನಷ್ಟೇ ಕಲಿಸಿ, ಇಬ್ಬರ ಅಭ್ಯಾಸವನ್ನು ‘ಜಗಳದ ವಿದ್ಯೆ, ವಯಸ್ಸಾದವರಿಗೇಕೆ?’ ಎಂದು ಬಿಟ್ಟುಬಿಡುವುದು ನನಗೆ ಸಮ್ಮತವಿಲ್ಲ. ವಯಸ್ಸಾದವರಿಗೇ ಅದು ಬೇಕು. ಬೀಳುವವರು ಬಹುಪಾಲು ಬೀಳುವುದು ಅನಿರೀಕ್ಷಿತವಾಗಿ ಜಾರಿದಾಗ, ಯಾರೋ ತಾಗಿದಾಗ. ಅನಿರೀಕ್ಷಿತವನ್ನು ಒಬ್ಬರೇ ನಿಂತು ಅಭ್ಯಾಸ ಮಾಡುವುದು ಹೇಗೆ? ಬೆರಳ ತುದಿಯಷ್ಟು ಮೆಲ್ಲಗೆ ತಳ್ಳಿದರೂ ಸಾಕು, ಮೈ ಉತ್ತರ ಹುಡುಕುತ್ತದೆ. ಆ ಎಪ್ಪತ್ತೆಂಟರ ಅಜ್ಜಿ ಮಳೆಯಲ್ಲಿ ನೆನೆದ ಟೈಲ್ಸ್ ಮೇಲೆ ನನಗಿಂತ ಧೈರ್ಯವಾಗಿ ನಡೆಯುತ್ತಿದ್ದರು.

ಹಾಗಾಗಿ ಆ ಹುಡುಗನಿಗೆ (ಅವನಿಗೀಗ ನಲವತ್ತು ದಾಟಿದೆ) ನಾನು ಹೇಳಿದ್ದಿಷ್ಟು. ಮೊದಲು ನೀನೊಬ್ಬನೇ ಹೋಗಿ ಒಂದು ತರಗತಿ ನೋಡಿ ಬಾ. ಕಲಿಸುವವರು ತಮ್ಮನ್ನು ತಳ್ಳಲು ಹೊಸಬರಿಗೆ ಬಿಡುತ್ತಾರೆಯೇ? ಅವರು ಅಲುಗಿದಾಗ ನಗುತ್ತಾರೆಯೇ, ಮುನಿಸಿಕೊಳ್ಳುತ್ತಾರೆಯೇ? ನಮ್ಮ ಸೀಫು ಎಷ್ಟೋ ಸಲ ಅಲುಗಿ, ‘ಇದು ಚೆನ್ನಾಗಿತ್ತು, ಇನ್ನೊಮ್ಮೆ ಮಾಡಿ’ ಎಂದದ್ದುಂಟು. ಮಾತ್ರೆ ನಿಲ್ಲಿಸಿ ಎಂದವರ ಮನೆಯ ಮೆಟ್ಟಿಲನ್ನು ಮತ್ತೆ ಹತ್ತಬೇಡ. ಮೊಣಕಾಲು ನೋಯುತ್ತದೆಂದರೆ ಇನ್ನೂ ತಗ್ಗಿ ನಿಲ್ಲಿ ಎನ್ನುವವರೂ ಬೇಡ. ಮೊಣಕಾಲು ಪಾದದ ದಿಕ್ಕಿಗೇ ಇರಬೇಕು, ತಿರುಚಬಾರದು.

ತರಗತಿ ಸಿಗುವವರೆಗೆ ಅಮ್ಮನನ್ನು ಅಡಿಗೆಮನೆಯ ಕಟ್ಟೆಯ ಪಕ್ಕ ನಿಲ್ಲಿಸಿ, ಕಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು, ಒಂದು ಕಾಲಿನ ತೂಕವನ್ನು ಇನ್ನೊಂದಕ್ಕೆ ನಿಧಾನವಾಗಿ ದಾಟಿಸಲು ಹೇಳು. ಖಾಲಿಯಾದ ಕಾಲು ತಾನಾಗಿ ಹಗುರವಾಗುವುದನ್ನು ಗಮನಿಸಲಿ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ನೀನು ಪಕ್ಕದಲ್ಲಿರು. ಇದೆಲ್ಲಕ್ಕೂ ಮುಂಚೆ, ಈ ಭಾನುವಾರವೇ, ಬಚ್ಚಲುಮನೆಯ ಗೋಡೆಗೊಂದು ಗಟ್ಟಿ ಹಿಡಿಕೆ ಹಾಕಿಸು.