ಮಿರಗಕ್ಕೆ ಮುಂಚೆ ಬಂದ ಮಳೆ



2025ರ ಮೇ ತಿಂಗಳ ಮಧ್ಯದಲ್ಲಿ ನಾವು ಇಚಲಕರಂಜಿಯಲ್ಲಿ ಜ್ವರದಿಂದ ಮಲಗಿದ್ದೆವು. ದೊಡ್ಡ ಕಾಯಿಲೆಯೇನಲ್ಲ, ನಾಲ್ಕು ದಿನದ ಜ್ವರ, ಆಮೇಲೆ ಮೆಟ್ಟಿಲು ಹತ್ತಿದರೆ ಕಾಲು ನಡುಗುವಷ್ಟು ನಿಶ್ಶಕ್ತಿ. ಹಗಲಿರುಳು ಪವರ್‌ಲೂಮುಗಳು ಖಟಖಟ ಎನ್ನುವ ಊರಿನಲ್ಲಿ ಸುಖವಾಗಿ ನಿದ್ದೆ ಮಾಡುವವರು ಅಲ್ಲಿಯೇ ಹುಟ್ಟಿದವರು ಮಾತ್ರ. ಕೊಲ್ಹಾಪುರದ ವೈದ್ಯರು, "ಹತ್ತು ದಿನ ಯಾವುದಾದರೂ ಹಳ್ಳಿಗೆ ಹೋಗಿ ಸುಮ್ಮನೆ ಕೂತಿರಿ" ಎಂದರು. ಸುಮ್ಮನೆ ಕೂರುವುದು ಸೆಮಿನರಿಯಲ್ಲಿ ನಮಗೆ ಕಲಿಸದ ವಿದ್ಯೆ. ಆದರೂ ಗಡಹಿಂಗ್ಲಜದ ಹತ್ತಿರ, ಹಿರಣ್ಯಕೇಶಿ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಪರಿಚಯದ ರೈತರ ಮನೆಗೆ ಹೋದೆವು.

ಆ ಮನೆಯಲ್ಲಿ ಬೀದಿಗೆ ಮರಾಠಿ, ಒಲೆಯ ಮುಂದೆ ಕನ್ನಡ. ಬೆಳಿಗ್ಗೆ ಜೋಳದ ಅಂಬಲಿ, ಮಜ್ಜಿಗೆ, ಕಚ್ಚಿಕೊಳ್ಳಲು ಉಳ್ಳಾಗಡ್ಡಿ. ಅಂಗಳದಲ್ಲಿ ವರ್ಷದ ಮಸಾಲೆಗೆಂದು ಬಿಸಿಲಿಗೆ ಹಾಕಿದ ಮೆಣಸಿನಕಾಯಿ. ಹೊಲದಲ್ಲಿ ಅರ್ಧ ಎಕರೆ ಬೇಸಿಗೆ ಶೇಂಗಾ ಕಿತ್ತು, ಒಣಗಲೆಂದು ಸಾಲಾಗಿ ಹರವಿದ್ದರು. ಅದರ ದುಡ್ಡಿನಲ್ಲಿ ಮೊಮ್ಮಗಳ ಕಾಲೇಜಿನ ಫೀ ಕಟ್ಟಬೇಕು. ಅದರಲ್ಲೇ ಮುಂಗಾರಿಗೆ ಬೀಜವನ್ನೂ ಎತ್ತಿಡಬೇಕು.

ಮೇ ತಿಂಗಳ ಸಂಜೆ ಮೋಡ ಕಟ್ಟಿ, ಗುಡುಗಿ, ಒಂದು ಗಂಟೆ ಸುರಿದು ಹೋಗುವ ಮಳೆ ಈ ಭಾಗಕ್ಕೆ ಹೊಸದಲ್ಲ. ಮರುದಿನದ ಬಿಸಿಲಿಗೆ ಎಲ್ಲವೂ ಒಣಗುತ್ತದೆ. ನಿಜವಾದ ಮಳೆಗಾಲಕ್ಕೆ ಜನ ಜೂನ್ 7ರ ಸುಮಾರಿಗೆ ಕೂಡುವ ಮಿರಗದ ದಾರಿ ನೋಡುತ್ತಾರೆ. ಆದರೆ ಆ ವರ್ಷ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ, ಮೇ 24ಕ್ಕೆ ಕೇರಳ ತಲುಪಿತು. ಜೂನ್ 11ಕ್ಕೆ ಬರಬೇಕಾದದ್ದು ಮೇ 26ಕ್ಕೆ ಮುಂಬಯಿಯಲ್ಲಿತ್ತು! 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅತಿ ಹೆಚ್ಚು ಮಳೆ ತಂದ ಮೇ ತಿಂಗಳು ಅದೇ.

"ಏನ್ ಮಾಡೂದ್ರಿ ಫಾದರ್, ಮಿರಗ ಕೂಡೂಕಿಂತ ಮೊದಲ ಮಳಿ ಬಂದು ಕುಂತೈತಿ" ಎಂದರು ಅಜ್ಜ.

ಶೇಂಗಾದ ಸ್ವಭಾವ ನಮಗೆ ತಿಳಿದದ್ದು ಆಗಲೇ. ಗೊಂಚಲು ಜಾತಿಯ ಶೇಂಗಾ ಬಲಿತ ಮೇಲೆ ತೇವ ತಗುಲಿದರೆ ಸಿಪ್ಪೆಯೊಳಗೇ ಮೊಳೆಯುತ್ತದೆ. ಮೊಳೆಯದೆ ಉಳಿದದ್ದಕ್ಕೆ ಬೂಷ್ಟು; ಬೂಷ್ಟು ಹಿಡಿದ ಕಾಳು ಜನರಿಗೂ ದನಗಳಿಗೂ ವಿಷ. ರಾತ್ರಿಯೆಲ್ಲ ಮನೆಯವರು ಬಳ್ಳಿ ಹೊತ್ತು ತಂದು ಪಡಸಾಲೆಗೆ ಸುರಿದರು, ಉಳಿದದ್ದಕ್ಕೆ ತಾಡಪತ್ರಿ ಹೊದಿಸಿದರು. ನಾವು ಎದ್ದಾಗ ಅಜ್ಜಿ, "ನೀವ್ ಮಲಕೋರಿ, ಮತ್ತ ಜ್ವರ ಬಂದ್ರ ಯಾರ್ ನೋಡವ್ರು?" ಎಂದು ಗದರಿದರು. ಬಾಗಿಲಲ್ಲಿ ನಿಂತು ಬ್ಯಾಟರಿ ಹಿಡಿದೆವು. ನಮ್ಮ ಸೇವೆ ಅಷ್ಟೇ.

ಊರಿಗೆ ಇನ್ನೊಂದು ಚಿಂತೆಯಿತ್ತು. ನದಿಗೆ ಕಟ್ಟಿದ ಬಾಂದಾರ ಕೊಲ್ಹಾಪುರ ಮಾದರಿಯದು. ಮಳೆಗಾಲ ಮುಗಿದ ಮೇಲೆ ಅದರ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗಾಲಕ್ಕೆ ಮುನ್ನ ತೆಗೆಯುತ್ತಾರೆ. ಹಲಗೆ ತೆಗೆಯುವ ಮೊದಲೇ ನೀರು ಏರಿದರೆ ಅದು ಪಕ್ಕದ ಹೊಲಗಳಿಗೇ ನುಗ್ಗಬೇಕು. 2019ರ ಮತ್ತು 2021ರ ಪ್ರವಾಹ ಕಂಡ ಜಿಲ್ಲೆಯಿದು. ಜನ ರಾತ್ರಿ ಎದ್ದೆದ್ದು ನದಿ ನೋಡಿ ಬಂದರು.

ಎರಡು ದಿನ ಅಜ್ಜ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ, "ಹುಡುಗಿ ಒಂದ್ ವರ್ಷ ಮನ್ಯಾಗ ಇರ್ಲಿ" ಎಂದರು. ಹುಡುಗಿ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾವು ಗಂಟಲು ಸರಿಪಡಿಸಿಕೊಂಡು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಹೇಳಲು ಸಿದ್ಧರಾಗುವಷ್ಟರಲ್ಲಿ ಅಜ್ಜಿಯೇ ಮುಗಿಸಿಬಿಟ್ಟರು: "ಎರಡ ಆಡ ಮಾರೂಣು. ಅಕಿ ಕಲೀಲಿ." ನಮ್ಮ ಪ್ರಬೋಧನೆ ಉಳಿಯಿತು.

ಆಮೇಲೆ ಎರಡೂವರೆ ದಿನ ಬಿಸಿಲು ಬಿತ್ತು. ಆರಿಸುವ ಕೆಲಸದಲ್ಲಿ ನಮಗೂ ಒಂದು ರಾಶಿ ಸಿಕ್ಕಿತು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕಾಳು ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಮತ್ತೆ ಬಿಸಿಲಿಗೆ. ಹನ್ನೆರಡು ಚೀಲ ಬರಬೇಕಿತ್ತು, ಏಳು ಉಳಿದವು. ಸಿಪ್ಪೆ ಕಪ್ಪಾದದ್ದರಿಂದ ದರವೂ ಕಡಿಮೆ. ಆದರೂ ಒಂದೇ ಆಡು ಮಾರಿದರೆ ಸಾಕಾಯಿತು. ಅಷ್ಟರಲ್ಲಿ ನಾವೂ ಎಲ್ಲೂ ಕೂರದೆ ನದಿಯ ಸೇತುವೆಯವರೆಗೆ ಹೋಗಿ ಬರುವಂತಾಗಿದ್ದೆವು.

ಮರಳುವಾಗ ಬಸ್ಸು ಸಂಕೇಶ್ವರದ ಹತ್ತಿರ ಕರ್ನಾಟಕಕ್ಕೆ ಬಂದು, ನಿಪ್ಪಾಣಿ ದಾಟಿ ಮತ್ತೆ ಮಹಾರಾಷ್ಟ್ರಕ್ಕೆ ಹೊಕ್ಕಿತು. ಆಕಾಶದ ಮೋಡ ಮಾತ್ರ ಎರಡೂ ಕಡೆ ಒಂದೇ. ಮಡಿಲಲ್ಲಿ ಅಜ್ಜಿ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಇತ್ತು.

ಜುಲೈಯಲ್ಲಿ ಅಜ್ಜ ಫೋನ್ ಮಾಡಿದ್ದರು. ಮಳೆ ಬಿಡದೆ ಹೊಲಕ್ಕೆ ಹದವೇ ಸಿಗದೆ ಬಿತ್ತನೆ ತಡವಾಯಿತಂತೆ. "ಆದ್ರ ನೀವ್ ಆರಿಸಿದ್ ಬೀಜ ಹುಟ್ಯಾವ್ರಿ ಫಾದರ್. ಈ ಸಲ ಮಣ್ಣಾಗ!"